ಲೈನ್‌ಮನ್ ಯೂಸುಫಸಾಬರ ಗಂಟು

ನಮ್ಮ ಅಬ್ಬಾನ ಬಗ್ಗೆ ಬ್ಯಾಡಗಿಯಲ್ಲಿ ಯಾರನ್ನಾದರೂ ಕೇಳಿ. ಲೈನ್‌ಮನ್ ಯೂಸುಫಸಾಬ ಅಂದರೆ ದೇವರಂಥ ಮನುಷ್ಯ ಅನ್ನುತ್ತಾರೆ. ಮೂವತ್ತು ವರ್ಷ ಟೆಲಿಫೋನ್ ಕಂಬ ಹತ್ತಿ ಇಳಿದರೂ ಯಾರ ಮನೆಯಲ್ಲೂ ಒಂದು ಕಪ್ ಚಹಾ ಕುಡಿದವರಲ್ಲ. ನಾನು ಅವರ ಮಗಳು ತಬಸ್ಸುಮ್. ಹೋದ ಫೆಬ್ರುವರಿಯ ಒಂದು ಮಧ್ಯಾಹ್ನದವರೆಗೆ ನಾನೂ ಹಾಗೇ ಹೇಳಿಕೊಂಡು ತಿರುಗುತ್ತಿದ್ದೆ.

ಅವರದೊಂದು ಪದ್ಧತಿ ಇತ್ತು. ಉಳಿದವರು ತಂತಿ ಜೋಡಿಸಿ ಕಪ್ಪು ಟೇಪು ಸುತ್ತಿ ಕೈ ತೊಳೆದುಕೊಳ್ಳುತ್ತಿದ್ದರು. ನಮ್ಮ ಕಡೆಯ ಬಿಸಿಲಿಗೆ ಟೇಪಿನ ಅಂಟು ಕರಗುತ್ತದೆ ಎಂದು ಅಬ್ಬಾ ಮೇಣ ತಿಕ್ಕಿದ ಕೆಂಪು ನೂಲು ಸುತ್ತುತ್ತಿದ್ದರು. ಮೂರು ಸುತ್ತು ಬಲಕ್ಕೆ, ಒಂದು ಸುತ್ತು ಎಡಕ್ಕೆ, ಆಮೇಲೆ ಗಂಟು. "ನಾ ಸತ್ತ ಮ್ಯಾಲೂ ಇದು ಯೂಸುಫನ ಕೆಲಸ ಅಂತ ಗುರುತು ಹಿಡೀತಾರ" ಎಂದು ಎದೆ ಉಬ್ಬಿಸುತ್ತಿದ್ದರು. ನನಗೆ ಅಕ್ಷರ ಕಲಿಸಿದ್ದು ಸಾಲೆಯ ಟೀಚರು, ಗಂಟು ಕಲಿಸಿದ್ದು ಅಬ್ಬಾ. ಈಗ ರಾಣೆಬೆನ್ನೂರಿನಲ್ಲಿ ನನ್ನದು ಮಿಕ್ಸರ್, ಫ್ಯಾನ್ ರಿಪೇರಿ ಅಂಗಡಿ. ನಾನು ಹಾಕುವುದೂ ಅದೇ ಗಂಟು.

ನಿವೃತ್ತಿಯಾದ ಮೇಲೆ ಅವರು ನನ್ನ ಜೊತೆಗೇ ಇದ್ದಾರೆ. ಕೈ ನಡುಗುವುದರಿಂದ ಕೆಲಸ ಆಗುವುದಿಲ್ಲ. ಅಂಗಡಿಯ ಮೂಲೆಯ ಕುರ್ಚಿಯಲ್ಲಿ ಕೂತು, ಕೇಳದವರಿಗೂ ಸಲಹೆ ಕೊಡುತ್ತಾರೆ. ಅವರ ಹಟಕ್ಕೆ ಅಂಗಡಿಯಲ್ಲಿ ಹಳೇ ತಾಮ್ರದ ತಂತಿಯ ಲ್ಯಾಂಡ್‌ಲೈನ್ ಇನ್ನೂ ಉಳಿದಿದೆ.

ಆ ಮಧ್ಯಾಹ್ನ ಬ್ಯಾಡಗಿಯಿಂದ ಭುವನಕ್ಕ ಬಂದರು. ಮೆಣಸಿನಕಾಯಿ ವ್ಯಾಪಾರಿ ರುದ್ರಮುನಿ ಸಾಹುಕಾರರ ಸೊಸೆ. ಸಾಹುಕಾರರು ತೀರಿಕೊಂಡು ಬಹಳ ವರ್ಷವಾಯಿತು. ಈಗ ಭುವನಕ್ಕನಿಗೇ ಸೊಸೆ ಬಂದಿದ್ದಾಳೆ. ಕೈಚೀಲದಿಂದ ಕಪ್ಪನೆಯ, ಬೆರಳಿಟ್ಟು ತಿರುಗಿಸುವ ಹಳೇ ಫೋನ್ ತೆಗೆದು ಮೇಜಿನ ಮೇಲಿಟ್ಟರು.

"ಇದಕ್ಕ ಫೋನ್ ಬರ್ತಾವು. ಇದರಿಂದ ಹೋಗಂಗಿಲ್ಲ. ಒಂದಽ ಒಂದು ಸಲ ಹೋಗೂವಂಗ ಮಾಡಿಕೊಡವ್ವಾ" ಎಂದರು.

"ಈಗ ಯಾಕ್ರಿ ಅಕ್ಕಾರ ಇದು?" ಮೂಲೆಯಿಂದ ಅಬ್ಬಾ ಕೇಳಿದರು. "ಕೈಯಾಗ ಮೊಬೈಲ್ ಐತಲ್ಲ."

"ನಮ್ಮಣ್ಣ ಮೊಬೈಲಿನಿಂದ ಮಾಡಿದ್ರ ಎತ್ತಂಗಿಲ್ಲ, ಯೂಸುಫಣ್ಣಾ."

ಆಮೇಲೆ ನನ್ನ ಕಡೆ ತಿರುಗಿ ಹೇಳಿದರು. ಅವರ ತವರು ಗಳಗನಾಥ. ಮದುವೆಯಾದಾಗ, ಮಗಳ ಮನೆಯಲ್ಲಿ ಫೋನಿದೆ ಎಂದು ತಾಯಿ ನೀಲಗಂಗವ್ವ ಊರೆಲ್ಲ ಡಂಗುರ ಹೊಡೆದಿದ್ದರಂತೆ. ಪ್ರತಿ ಸೋಮವಾರ ಊರಿನ ಅಂಚೆ ಕಚೇರಿಗೆ ಫೋನ್ ಮಾಡುವುದು ಎಂದು ತಾಯಿ ಮಗಳಲ್ಲಿ ಮಾತಾಗಿತ್ತು. ಎಕ್ಸ್‌ಚೇಂಜಿಗೆ ಮೂರು ಅಂಕಿ ತಿರುಗಿಸಿ ಗಳಗನಾಥ ಕೊಡಿ ಅಂದರೆ ಆಯಿತು. ನಾಲ್ಕು ತಿಂಗಳು ನಡೆಯಿತು. ಒಂದು ಸೋಮವಾರ ಅತ್ತೆ ಹೊಡೆದದ್ದನ್ನು ಭುವನಕ್ಕ ಫೋನಿನಲ್ಲಿ ಹೇಳಿಕೊಂಡು ಅತ್ತರು. ಮುಂದಿನ ವಾರದಿಂದ ಎಷ್ಟು ತಿರುಗಿಸಿದರೂ ಫೋನ್ ಹೋಗಲಿಲ್ಲ.

"ಪಾಪ, ಯೂಸುಫಣ್ಣ ನಾಲ್ಕ ಸಲ ಬಂದು ನೋಡಿದ್ರು. ಫೋನ್ ಚಲೋ ಐತಿ, ಸಣ್ಣ ಅಕ್ಕಾರಿಗೆ ತಿರುಗಿಸಾಕ ಬರಂಗಿಲ್ಲ ಅಂದ್ರು. ಅತ್ತಿ, ನಾದಿನಿ ಎಲ್ಲಾರೂ ನಕ್ಕರು. ನಾನೂ ನನ್ನ ಬೆರಳಽ ನೆಟ್ಟಗಿಲ್ಲ ಅನ್ಕೊಂಡೆ."

ಆ ವರ್ಷ ಪಂಚಮಿಗೂ ತವರಿಗೆ ಕಳಿಸಲಿಲ್ಲ. ಓದು ಬಾರದ, ತಾನಾಗಿ ಫೋನ್ ಮಾಡಲೂ ತಿಳಿಯದ ನೀಲಗಂಗವ್ವ ಪ್ರತಿ ಸೋಮವಾರ ಅಂಚೆ ಕಚೇರಿಯ ಕಟ್ಟೆಗೆ ಬಂದು ಸಂಜೆವರೆಗೆ ಕೂತು ಎದ್ದು ಹೋಗುತ್ತಿದ್ದರು. ಆರು ತಿಂಗಳು ಕೂತರು. ಏಳನೇ ತಿಂಗಳು ಜ್ವರ ಬಂದು ಸತ್ತರು. ಫೋನಿದ್ದ ಮನೆಯಲ್ಲಿ ಕೂತು ತಾಯಿಗೆ ಒಂದು ಫೋನ್ ಮಾಡಲಿಲ್ಲ ಎಂದು ಅಣ್ಣ ನಾಗಪ್ಪ ತಂಗಿಯ ಜೊತೆ ಮಾತು ಬಿಟ್ಟ. ತಿರುಗಿಸಲು ಬರಲಿಲ್ಲ ಎಂದು ಭುವನಕ್ಕ ಹೇಳಿ ಕಳಿಸಿದರೆ, ನಾಲ್ಕು ತಿಂಗಳು ಬಂದದ್ದು ಆಮೇಲೆ ಮರೆತುಹೋಯಿತೇನು ಎಂದು ಕೇಳಿದನಂತೆ. ಈಗ ಅವನಿಗೆ ಕಿಡ್ನಿ ಹೋಗಿದೆ. ವಾರಕ್ಕೆರಡು ಸಲ ಹಾವೇರಿಗೆ ಡಯಾಲಿಸಿಸ್‌ಗೆ ಒಯ್ಯುತ್ತಾರೆ. ನೋಡಲು ಬರುತ್ತೇನೆ ಎಂದರೆ ಹೀಗೆ ಹೇಳಿ ಕಳಿಸಿದ್ದ: "ಆ ಫೋನಿನಿಂದ ಮಾಡು, ಎತ್ತತೀನಿ. ಇಲ್ಲಂದ್ರ ನನ್ನ ಹೆಣಕ್ಕೂ ಬರಬ್ಯಾಡ."

ಅವನು ಚುಚ್ಚಲು ಆಡಿದ ಮಾತು. ಈಕೆ ಅಟ್ಟ ಹತ್ತಿ ಫೋನ್ ಇಳಿಸಿದ್ದರು.

"ಮೊನ್ನೆ ಮನಿಯಾಗ ಹಚ್ಚಿ ನನ್ನ ಸೊಸಿ ಕಡಿಂದ ತಿರುಗಿಸಿ ನೋಡಿದೆ. ಆಕಿ ಕೈಯಿಂದಾನೂ ಹೋಗಲಿಲ್ಲ. ಹಂಗಾರ ತಪ್ಪು ನನ್ನ ಬೆರಳಿಂದಲ್ಲ, ಅಲ್ಲೇನವ್ವಾ? ನೀ ಬಿಚ್ಚಿ ನೋಡಿ ಹೇಳು. ನಮ್ಮಣ್ಣಗ ಅದನ್ನಽ ಹೇಳಬೇಕು."

ಫೋನನ್ನು ನಮ್ಮ ಲೈನಿಗೆ ಹಚ್ಚಿದೆ. ರಿಸೀವರಿನಲ್ಲಿ ಗುಂಯ್ ಎನ್ನುವ ಡಯಲ್ ಟೋನ್ ಬಂತು. ನನ್ನ ಮೊಬೈಲಿನಿಂದ ಹೊಡೆದರೆ ಗಂಟೆ ಅಂಗಡಿ ಅದುರುವ ಹಾಗೆ ಬಡಿಯಿತು. ಒಂದು ಅಂಕಿ ತಿರುಗಿಸಿದರೆ ಟೋನ್ ನಿಲ್ಲಬೇಕು, ನಿಲ್ಲಲಿಲ್ಲ. ಚಕ್ರ ತಿರುಗುತ್ತದೆ, ತಿರುಗಿದ್ದು ಲೈನಿಗೆ ಮುಟ್ಟುತ್ತಿಲ್ಲ ಎಂದ ಹಾಗಾಯಿತು. ಚಕ್ರ ವಾಪಸು ಬರುವ ವೇಗ ನೋಡಿದೆ, ಸರಿ ಇತ್ತು. ಉಳಿದದ್ದು ಒಂದೇ, ಡಯಲ್ ಬಿಚ್ಚುವುದು.

"ಡಯಲ್ ಬಿಚ್ಚಬ್ಯಾಡ" ಎಂದರು ಅಬ್ಬಾ. "ಸ್ಪ್ರಿಂಗ್ ಹಾರಿದ್ರ ಮತ್ತ ಕೂಡಂಗಿಲ್ಲ. ಅದು ಸತ್ತೈತಿ. ಕೊಟ್ಟು ಕಳಿಸು."

ನೀರಿಗೆ ಬಿದ್ದ ಫೋನನ್ನೂ ಸತ್ತಿದೆ ಎಂದು ಒಪ್ಪಿಕೊಂಡ ಮನುಷ್ಯರಲ್ಲ ಅವರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡ ಅನ್ನುತ್ತಾರೆ. ಇಲ್ಲಿ ನಾನಿನ್ನೂ ಕಳ್ಳ ಅಂದೇ ಇರಲಿಲ್ಲ.

ಬಿಚ್ಚಿದೆ. ಮೆಣಸಿನಕಾಯಿಯ ಹಳೇ ಧೂಳು ಮೂಗಿಗೆ ಹೊಡೆದು ಮೂರು ಸೀನು ಬಂತು. ಕಣ್ಣು ಒರೆಸಿಕೊಂಡು ನೋಡಿದೆ. ಡಯಲಿನ ಎರಡು ತಂತಿಗಳನ್ನು ಸ್ಕ್ರೂನಿಂದ ಕಿತ್ತು ಒಂದಕ್ಕೊಂದು ಹೊಸೆದಿದ್ದರು. ಗಂಟೆ ಬಡಿಯುತ್ತದೆ, ಮಾತು ಕೇಳುತ್ತದೆ, ಆದರೆ ಡಯಲ್ ಲೆಕ್ಕಕ್ಕಿಲ್ಲ. ಹೊಸೆದ ಜಾಗಕ್ಕೆ ಕೆಂಪು ನೂಲು ಸುತ್ತಿತ್ತು. ಮೂರು ಬಲಕ್ಕೆ, ಒಂದು ಎಡಕ್ಕೆ. ಇಂಥ ಹಲ್ಕಾ ಕೆಲಸದಲ್ಲೂ ಎಷ್ಟು ಅಚ್ಚುಕಟ್ಟು!

ಉರ್ದುವಿನಲ್ಲಿ ಕೇಳಬಹುದಿತ್ತು. ಭುವನಕ್ಕನಿಗೆ ತಿಳಿಯುತ್ತಿರಲಿಲ್ಲ, ಮನೆಯ ಮರ್ಯಾದೆ ಮನೆಯಲ್ಲೇ ಉಳಿಯುತ್ತಿತ್ತು. ಬೇಕಂತಲೇ ಕನ್ನಡದಲ್ಲಿ ಕೇಳಿದೆ.

"ಅಬ್ಬಾ, ಈ ಗಂಟು ಯಾರದು?"

"ಚುಪ್ ಬೈಠ್" ಎಂದು ಅಬ್ಬಾ ಉರ್ದುವಿನಲ್ಲಿ ಗದರಿ ಬಾಯಿ ಮುಚ್ಚಿಸಲು ನೋಡಿದರು.

"ಡಯಲಿನ ತಂತಿ ಕಿತ್ತು ಒಂದಕ್ಕೊಂದು ಕಟ್ಯಾರ. ನಿಮ್ಮ ನೂಲು, ನಿಮ್ಮ ಗಂಟು. ಯಾರು ಹಾಕಿದ್ದು, ಹೇಳ್ರಿ."

ಭುವನಕ್ಕ ಒಮ್ಮೆ ಗಂಟನ್ನು ನೋಡಿದರು, ಒಮ್ಮೆ ಅಬ್ಬಾನನ್ನು ನೋಡಿದರು. ಅಬ್ಬಾ ನೆಲ ನೋಡುತ್ತ ಹೇಳಿದರು, "ಸಾಹುಕಾರ್ರು ಹೇಳಿದ್ರು. ಮನೀ ಮಾತು ತಂತಿ ಮ್ಯಾಲೆ ಊರೂರು ತಿರುಗಬಾರದು ಅಂದ್ರು. ಡಯಲಿಗೆ ಕೀಲಿ ಹಾಕಿದ್ರ ಬಂದ ಬೀಗರು ನೋಡ್ತಾರ, ಒಳಗ ಏನರ ಮಾಡು ಅಂದ್ರು. ಆವಾಗ ನನಗ ಬೀದರಕ್ಕ ಟ್ರಾನ್ಸ್‌ಫರ್ ಬಂದಿತ್ರಿ ಅಕ್ಕಾರ. ನನ್ನ ಹೇಂತಿ ಬಿಸ್ಮಿಲ್ಲಾಬಿ ಹೊಟ್ಟ್ಯಾಗ ಈಕಿ ಇದ್ಲು. ಮೊದಲಿನ ಎರಡು ಕೂಸು ಉಳಿದಿರಲಿಲ್ಲ. ಸಾಹುಕಾರ್ರು ದೊಡ್ಡವರ ಕಡೆ ಹೇಳಿ ನಿಲ್ಲಿಸಿದ್ರು."

ಚಹಾ ಕುಡಿಯದ ದೇವರಂಥ ಮನುಷ್ಯ! ಚಹಾ ಯಾಕೆ ಬೇಕಿತ್ತು, ಇಷ್ಟು ದೊಡ್ಡದನ್ನು ನುಂಗಿದ ಮೇಲೆ? ನನಗೆ ಸಿಟ್ಟಿನಿಂದ ಮೈ ಉರಿಯಿತು. ನನ್ನ ಸಲುವಾಗಿ ಮಾಡಿದ್ದರು ಎಂಬುದು ಅದಕ್ಕಿಂತ ಹೆಚ್ಚು ಉರಿಯಿತು. ನಾನು ತಾಯಿಯ ಹೊಟ್ಟೆಯಲ್ಲಿ ಬೆಚ್ಚಗಿದ್ದ ಸೋಮವಾರಗಳಲ್ಲಿ ಗಳಗನಾಥದ ಕಟ್ಟೆಯ ಮೇಲೆ ಆ ಮುದುಕಿ ಕೂತಿದ್ದಳು.

ಭುವನಕ್ಕ ಬೈಯಲಿಲ್ಲ, ಅಳಲಿಲ್ಲ. "ಜೋಡಿಸವ್ವಾ" ಎಂದರು ನನಗೆ.

ನೂಲು ಕತ್ತರಿಸಿದೆ. ತಂತಿಗಳನ್ನು ಅವುಗಳ ಸ್ಕ್ರೂಗೆ ಬಿಗಿದೆ, ಮುಟ್ಟುವ ತುದಿಗಳ ಕಿಲುಬನ್ನು ಕಾಗದದಿಂದ ತಿಕ್ಕಿದೆ. ಹತ್ತು ನಿಮಿಷದ ಕೆಲಸ. ಒಂದು ಅಂಕಿ ತಿರುಗಿಸಿದೆ, ಟೋನ್ ನಿಂತಿತು.

ಭುವನಕ್ಕ ತಾವೇ ಕುರ್ಚಿ ಎಳೆದುಕೊಂಡು ಕೂತರು. ಲ್ಯಾಂಡ್‌ಲೈನಿನಿಂದ ಮೊಬೈಲಿಗೆ ಹೋಗಬೇಕಾದರೆ ಮೊದಲು ಸೊನ್ನೆ, ಆಮೇಲೆ ಹತ್ತು ಅಂಕಿ. ಪ್ರತಿ ಅಂಕಿಗೂ ಚಕ್ರ ಪೂರ್ತಿ ವಾಪಸು ಬರುವವರೆಗೆ ಕಾದು, ಮುಂದಿನ ಅಂಕಿಗೆ ಬೆರಳಿಟ್ಟರು. ಒಂದೂ ತಪ್ಪಲಿಲ್ಲ. ಆ ಕಡೆ ಗಂಟೆ ಹೋಯಿತು.

"ಯಾರು?" ಬಳಲಿದ ಗಂಡಸಿನ ದನಿ ನನಗೂ ಕೇಳಿಸಿತು.

ಭುವನಕ್ಕ ರಿಸೀವರನ್ನು ಅಬ್ಬಾನ ಮುಂದೆ ಹಿಡಿದರು. "ಹೇಳ್ರಿ ಯೂಸುಫಣ್ಣಾ. ನಾ ಹೇಳಿದ್ರ ನಂಬಂಗಿಲ್ಲ. ನೀವಽ ಹೇಳ್ರಿ."

ಅಬ್ಬಾ ತೆಗೆದುಕೊಂಡರು. "ಯಾರು ಮಾತಾಡೋದು?" ಎಂದು ದನಿ ಮತ್ತೆ ಕೇಳಿತು. ಅಬ್ಬಾ ನನ್ನ ಮುಖ ನೋಡಿದರು.

"ರಾಂಗ್ ನಂಬರ್ರಿ" ಎಂದು ರಿಸೀವರ್ ಇಟ್ಟುಬಿಟ್ಟರು.

ಭುವನಕ್ಕ ಅವರ ಕಡೆ ಕುರ್ಚಿ ತಿರುಗಿಸಿದರು.

"ಈಗೂ ನನ್ನ ಬೆರಳಿಂದಽ ತಪ್ಪೇನು, ಯೂಸುಫಣ್ಣಾ?"

ಭುವನಕ್ಕ ಮತ್ತೆ ಸೊನ್ನೆಯಲ್ಲಿ ಬೆರಳಿಟ್ಟರು. ಹನ್ನೊಂದೂ ಅಂಕಿ ತಿರುಗಿಸಿದರು. ಗಂಟೆ ಹೋಯಿತು. ಈ ಸಲ ರಿಸೀವರನ್ನು ನಾನು ಇಸಕೊಂಡೆ.

"ರಾಂಗ್ ನಂಬರ್ ಅಲ್ರಿ, ಇಡಬ್ಯಾಡ್ರಿ" ಎಂದೆ. "ನಾನು ಲೈನ್‌ಮನ್ ಯೂಸುಫಸಾಬರ ಮಗಳು."