ನಿಂತು ನಿಂತು ಬೀಸಿದ ಗಿರಣಿ

ಬಿಳೂರಿನ ಊರೊಳಗಿನ ಮನೆ ಬಿಟ್ಟು ನಾವು ಹೊಲದ ವಸ್ತಿಗೆ ಬಂದಾಗ ಎಲ್ಲರಿಗಿಂತ ಹೆಚ್ಚು ಸೊರಗಿದವಳು ಅವ್ವ. ಊರಲ್ಲಿ ಆಕೆಗೆ ಕಟ್ಟೆಯಿತ್ತು, ಎದುರುಮನೆಯಿತ್ತು, ಮೆಂತ್ಯದ ಸೊಪ್ಪು ಸೋಸುತ್ತ ಮಾತಾಡಲು ನಾಲ್ಕು ಹೆಂಗಸರಿದ್ದರು. ವಸ್ತಿಯಲ್ಲಿ ಇದ್ದದ್ದು ಎರಡು ಎಮ್ಮೆ, ಒಂದು ಬೇವಿನ ಗಿಡ, ಮತ್ತು ಅಪ್ಪ. ಅಪ್ಪನ ಮಾತು ಎಮ್ಮೆಯದಕ್ಕಿಂತ ತುಸುವೇ ಹೆಚ್ಚು.

ಕರೆಂಟಿನ ಕಂಬ ಆಗ ನಮ್ಮ ವಸ್ತಿವರೆಗೆ ಬಂದಿರಲಿಲ್ಲ. ಅಪ್ಪ ಮಾಳಿಗೆಯ ಮೇಲೆ ಸೋಲಾರ್ ಪ್ಯಾನೆಲ್ ಹಾಕಿಸಿದ, ಪಡಸಾಲೆಯಲ್ಲಿ ಇನ್ವರ್ಟರ್, ಅದರ ಕೆಳಗೆ ಬ್ಯಾಟರಿ. ಕಾಳೊಂದು ನೆಲಕ್ಕೆ ಬಿದ್ದರೂ ಬಗ್ಗಿ ಆರಿಸಿಕೊಳ್ಳುವ ಮನುಷ್ಯ ಆತ. ಮಧ್ಯಾಹ್ನದ ಮೊದಲೇ ಬ್ಯಾಟರಿ ತುಂಬಿ, ಉಳಿದ ಬಿಸಿಲೆಲ್ಲ ದಂಡವಾಗುತ್ತದೆ ಎಂದು ಗೊತ್ತಾದ ದಿನ ಆತನಿಗೆ ಊಟ ಸೇರಲಿಲ್ಲ. ಜತ್ತದಿಂದ ಬಂದ ಮಿಸ್ತ್ರಿ ಉಪಾಯ ಹೇಳಿದ. ಇನ್ವರ್ಟರಿನ ಬದಿಗೆ ಇನ್ನೊಂದು ಸಣ್ಣ ತಂತಿ ಜೋಡಿಸುವ ಜಾಗವಿತ್ತು. ಆತ ಅದನ್ನು ‘ಆಕ್ಸ್’ ಎನ್ನುತ್ತಿದ್ದ. ಅದಕ್ಕೆ ಎರಡು ಮಟ್ಟ ಹೇಳಿಕೊಟ್ಟರೆ ಸಾಕು: ಬ್ಯಾಟರಿ ಇಷ್ಟು ತುಂಬಿದಾಗ ಚಾಲೂ, ಇಷ್ಟಕ್ಕೆ ಇಳಿದಾಗ ಬಂದ್. ಅಪ್ಪ ಅದರ ಹಿಡಿತಕ್ಕೆ ಒಂದು ಘರಘಂಟಿ, ಅಂದರೆ ಮನೆಯಲ್ಲೇ ಹಿಟ್ಟು ಬೀಸುವ ಪುಟ್ಟ ಗಿರಣಿ, ಹಾಕಿಸಿದ. ಜೊತೆಗೆ ಅಂಗಳದ ಗಳಕ್ಕೆ ಒಂದು ಕೆಂಪು ಬಲ್ಬು. ಬಲ್ಬು ಹತ್ತಿತೆಂದರೆ ಗಿರಣಿಗೆ ಕರೆಂಟು ಬಂತೆಂದು ಅರ್ಥ.

“ಹಾಡಹಗಲೇ ದೀಪ ಹಚ್ಚೀರಲ್ಲ, ಏನ್ ಹುಡುಕ್ಲಾಕತ್ತೀರಿ?” ಎಂದು ಮೊದಲು ಕೇಳಿದವಳು ಆಚೆ ವಸ್ತಿಯ ಅಜ್ಜಿ. ಕುರಿ ಸಾಕುವ ಮನೆಯವಳು. ವಿಷಯ ತಿಳಿದದ್ದೇ ತಡ, ಮರುದಿನ ಜೋಳದ ಬುಟ್ಟಿ ಹೊತ್ತು ಬಂದಳು. ಆಮೇಲೆ ಸುತ್ತಲಿನ ವಸ್ತಿಗಳ ಹೆಂಗಸರೆಲ್ಲ ಕೆಂಪು ಬಲ್ಬು ನೋಡಿಕೊಂಡು ಬರತೊಡಗಿದರು. ಗಿರಣಿ ಮಾತ್ರ ಒಂದೇ ಸಮ ಓಡುತ್ತಿರಲಿಲ್ಲ. ಒಂದಿಷ್ಟು ಬೀಸಿದೊಡನೆ ಬ್ಯಾಟರಿ ಇಳಿದು ಬಲ್ಬು ಆರುತ್ತಿತ್ತು. ಬಿಸಿಲು ಮತ್ತೆ ತುಂಬಿಸುವವರೆಗೆ ಕಾಯಬೇಕು. ಕಾಯುವಾಗ ಬೇವಿನ ನೆರಳು, ಅವ್ವನ ಚಹಾ, ಯಾರ ಮಗಳಿಗೆ ಎಲ್ಲಿ ಗಂಡು ಗೊತ್ತಾಯಿತು, ಯಾರ ಸೊಸೆಗೆ ರೊಟ್ಟಿ ಬಡಿಯಲು ಬರುವುದಿಲ್ಲ ಎಂಬ ಸುದ್ದಿ. ಗಡಿಭಾಗದ ನಮ್ಮಲ್ಲಿ ಕನ್ನಡದಲ್ಲಿ ಶುರುವಾದ ಮಾತು ಮರಾಠಿಯಲ್ಲಿ ಮುಗಿಯುತ್ತಿತ್ತು. ಕಾಲೇಜಿಗೆ ರಜೆಯಿದ್ದ ದಿನ ನಾನೂ ಮೈಯೆಲ್ಲ ಹಿಟ್ಟು ಮೆತ್ತಿಕೊಂಡು ಅಲ್ಲೇ ಕೂತಿರುತ್ತಿದ್ದೆ. ಈಗ ಕಂಬ ಬಂದಿದೆ, ಮನೆಗೊಂದು ಗಿರಣಿ ಬಂದಿದೆ. ತವರಿಗೆ ಹೋದಾಗೆಲ್ಲ ಆ ಬೇವಿನ ಬುಡದಲ್ಲಿ ಒಂದಿಷ್ಟು ಹೊತ್ತು ಕೂತು ಬರುತ್ತೇನೆ.

ಅಜ್ಜಿಯ ನಾಲಗೆ ಸುಮ್ಮನಿರುವಂಥದ್ದಲ್ಲ. ಆ ದಿನಗಳಲ್ಲಿ ಗಿರಣಿ ನಿಂತಾಗೊಮ್ಮೆ, “ಸಾವ್ಕಾರ್ರ ಗಿರಣಿಗಿ ದಮ್ಮು ಹತ್ತ್ಯದ ನೋಡ್ರಿ” ಎನ್ನುವಳು. ಅಪ್ಪನಿಗೆ ಅದು ಚುಚ್ಚಿತು. ಮಿಸ್ತ್ರಿಯನ್ನು ಕರೆಸಿ, ಬಂದ್ ಆಗುವ ಮಟ್ಟವನ್ನು ಕೆಳಗಿಳಿಸಿದ. ಅಷ್ಟು ಇಳಿದರೂ ಬ್ಯಾಟರಿಗೆ ಏನೂ ಆಗುವುದಿಲ್ಲವಂತೆ. ಗುಂಡಿ ಒತ್ತುವುದನ್ನು ತಾನೂ ಕಲಿತುಕೊಂಡ. ಮರುದಿನದಿಂದ ಗಿರಣಿ ನಿಲ್ಲದೆ ಬೀಸಿತು, ಅಪ್ಪ ಮೀಸೆ ತಿರುವಿದ. ಹೆಂಗಸರು ಬಂದರು, ಬೀಸಿಕೊಂಡರು, “ಬರ್ತೀವ್ರಿ” ಎಂದು ಹಿಟ್ಟಿನ ಡಬ್ಬಿ ಹೊತ್ತು ಹೊರಟರು. ಚಹಾದ ನೀರು ಕುದಿಯುವಷ್ಟರಲ್ಲಿ ಅಂಗಳ ಖಾಲಿ.

ಅವ್ವ ಮತ್ತೆ ಮೊದಲಿನಂತಾದಳು. ಏನು ಕೇಳಿದರೂ ಹೂಂ, ಉಹೂಂ, ಅಷ್ಟೇ. ಒಂದು ಸಂಜೆ ಅಪ್ಪನ ತಾಟಿಗೆ ರೊಟ್ಟಿ ಹಾಕುತ್ತ ಆಕೆಯೇ ಬಾಯಿಬಿಟ್ಟಳು.

“ಆ ಗಿರಣಿ ಮೊದಲಿನಂಗ ಮಾಡ್ರಿ.”

“ಯಾಕ? ಚಲೋ ಓಡ್ಲಾಕತ್ತದಲ್ಲ.”

“ಅದಕ್ಕ ಹೇಳ್ಲಾಕತ್ತೀನಿ. ಹಿಟ್ಟು ಲಗೂನ ಆದ್ರ ಮಂದೀನೂ ಲಗೂನ ಹೋಗ್ತಾರ. ನಾ ಯಾರ ಕೂಡ ಮಾತಾಡ್ಲಿ ಇಲ್ಲಿ?”

ಅಪ್ಪ ಊಟ ಮುಗಿಸಿ, ಕೈ ಒರೆಸಿಕೊಂಡು, ಇನ್ವರ್ಟರಿನ ಮುಂದೆ ನಿಂತು ಗುಂಡಿ ಒತ್ತಿದ. ಬಂದ್ ಆಗುವ ಮಟ್ಟವನ್ನು ಏರಿಸಿ, ಮೊದಲಿಗಿಂತಲೂ ತುಸು ಮೇಲೆಯೇ ಇಟ್ಟ.

ಮರುದಿನ ಗಿರಣಿ ಅರ್ಧ ಡಬ್ಬಿಗೇ ನಿಂತಿತು. ಹೆಂಗಸರು ಸೆರಗು ಕೊಡವಿ ಬೇವಿನ ಬುಡದಲ್ಲಿ ಕೂತರು, ಅವ್ವ ಒಲೆಗೆ ಚಹಾ ಇಟ್ಟಳು. ಅಜ್ಜಿ ಪಡಸಾಲೆಯಲ್ಲಿದ್ದ ಅಪ್ಪನತ್ತ ಕೈಮಾಡಿ, “ಏನ್ರಿ ಸಾವ್ಕಾರ್ರ, ನಿನ್ನಿ ತನಕ ಕುದರಿ ಹಂಗ ಓಡ್ತಿತ್ತು, ಇವತ್ತ ಮತ್ತ ಕುಂಟ್ಲಾಕತ್ತದಲ್ಲ?” ಎಂದಳು. ಎಲ್ಲರೂ ನಕ್ಕರು.

ತನ್ನ ಸೋಲಾರಿನ ಬಗ್ಗೆ ಯಾರು ಒಂದು ಮಾತಾಡಿದರೂ ಸಹಿಸದ ಅಪ್ಪ ಟೊಪ್ಪಿಗೆ ತೆಗೆದು ತಲೆ ಕೆರೆದುಕೊಂಡ. “ಏನ್ ಮಾಡೂದು ಆಯಿ, ಬ್ಯಾಟರಿಗಿ ವಯಸ್ಸಾಗ್ಯದ, ನನ್ನಂಗ,” ಎಂದ.

ಆ ಬ್ಯಾಟರಿ ತಂದು ಇನ್ನೂ ವರ್ಷವೂ ತುಂಬಿರಲಿಲ್ಲ.