‘ಬಾನಬಿಡಾರ’ದ ಅಸದುಲ್ಲಾ ಸಾಹೇಬರು

ಕನ್ನಡದ ಕಾದಂಬರಿಯು ಅರಮನೆ, ಅಗ್ರಹಾರಗಳಲ್ಲಿ ಓಡಾಡಿಕೊಂಡಿದ್ದ ಕಾಲದಲ್ಲಿ ಅದನ್ನು ನೆಲದಿಂದಲೇ ಮೇಲಕ್ಕೆತ್ತಿ, ಆಕಾಶನೌಕೆಯೊಂದರಲ್ಲಿ ಬಾಳುವ ನಾಲ್ವರ ದಿನಚರಿಯನ್ನು ಬರೆದವರು ಕಿರುಗಾವಲಿನ ಶಾಲೆಯ ಮುಖ್ಯೋಪಾಧ್ಯಾಯರಾದ ಅಸದುಲ್ಲಾ ಸಾಹೇಬರು. ೧೯೪೭ರ ಈ ವರ್ಷ ಅವರು ನಿವೃತ್ತರಾಗುತ್ತಿರುವಾಗ, ‘ಬಾನಬಿಡಾರ’ವೆಂಬ ಆ ಕಾದಂಬರಿಯು ಈಗಿನ ರೂಪ ತಾಳಿದ ಬಗೆಯನ್ನು ನೆನೆಯುವುದು ಉಚಿತವಾದೀತು.

ಮದ್ದೂರಿನಲ್ಲಿ ಸೇವೆಗೆ ಸೇರಿ, ಮಳವಳ್ಳಿಯಲ್ಲಿ ಕೆಲಕಾಲ ಕನ್ನಡ ಕಲಿಸಿ, ೧೯೩೮ರಲ್ಲಿ ಕಿರುಗಾವಲಿಗೆ ಬಂದ ಸಾಹೇಬರು ಪಾಠ ಮುಗಿದ ಮೇಲೆ ಬರೆಯಲು ಕೂರುತ್ತಿದ್ದರು. ತೂಕ ಕಳೆದುಕೊಂಡ ಮನುಷ್ಯರು ಗೋಡೆಗೆ ಕಟ್ಟಿಕೊಂಡು ಮಲಗುವುದು, ಚೆಲ್ಲಿದ ನೀರು ಉಂಡೆಯಾಗಿ ತೇಲುವುದು, ಕಿಟಕಿಯ ಕೆಳಗೆ ಕಾವೇರಿ ನೂಲಿನೆಳೆಯಂತೆ ಸರಿಯುವುದು ಇವೇ ಆ ಕಾದಂಬರಿಯ ಸಂಗತಿಗಳು.

ಯುದ್ಧದ ನಡುವಣ ಒಂದು ವರ್ಷ ಊರಲ್ಲಿ ಇಲಿ ಬಿದ್ದವು. ಪ್ಲೇಗಿಗೆ ಹೆದರಿದ ಜನ ಮನೆಗಳಿಗೆ ಬೀಗ ಹಾಕಿ ಹೊಲದಲ್ಲಿ ಗುಡಿಸಲು ಕಟ್ಟಿಕೊಂಡರು. ರೋಗಿಗಳಿಗೆ ನಾಲೆಯಾಚೆ ಬೇರೆ ಚಪ್ಪರ. ಅತ್ತ ಯಾರೂ ಸುಳಿಯದಂತೆ ಚಿಕ್ಕಬೋರಯ್ಯನ ಕಾವಲು. ದಿಗಿಲುಗೊಂಡ ಜನಕ್ಕೆ ಸಾಹೇಬರು ಸಂಜೆ ತಮ್ಮ ಕಾದಂಬರಿ ಓದಿ ಹೇಳತೊಡಗಿದರು.

ಒಂದು ಸಂಜೆ ಓದಿದ ಅಧ್ಯಾಯದಲ್ಲಿ, ಹೆಂಡತಿಗೆ ಕಾಯಿಲೆಯೆಂಬ ಸುದ್ದಿ ಕೇಳಿಯೂ ನೌಕೆಯವನೊಬ್ಬ ಕೆಳಗಿಳಿಯದೆ ತನ್ನ ಕೆಲಸದಲ್ಲಿ ತೊಡಗಿದ್ದ. ಕಂಕುಳಲ್ಲಿ ಕೂಸಿದ್ದ ಬೀರಮ್ಮ ಎದ್ದು ನಿಂತಳು. ಅವಳ ಗಂಡ ಮರಿಯಯ್ಯ ಆಗ ನಾಲೆಯಾಚೆಯ ಚಪ್ಪರದಲ್ಲಿದ್ದ.

“ಅವ್ನ್ಯಾಕೆ ಸುಮ್ಕೆ ಕುಂತವ್ನೆ ಮೇಷ್ಟ್ರೇ? ಇಳೀಲಿ.”

“ಅವ್ನು ಇಳಿದ್ರೆ ನೌಕೆ ನಡೆಸೋರಿಲ್ದೆ ಮಿಕ್ಕ ಮೂವರೂ ಸಾಯ್ತಾರೆ ಕಣಮ್ಮ.”

“ಸಾಯೋರ ಮೊಕಾನೂ ನೋಡ್ಬಾರ್ದಾ? ಬರ್ದೋರ್ಗೆ ಎಂಡ್ರು ಮಕ್ಳು ಇಲ್ವಾ?”

ಹಾಗೆಂದವಳೇ ಸೆರಗು ಬಿಗಿದು ನಾಲೆಯತ್ತ ನಡೆದಳು. ಸಾಹೇಬರು ಹಿಂದೆಯೇ ಓಡಿದರು. ಕೂಸನ್ನು ಹೊತ್ತು ಅವಳು ಚಪ್ಪರ ಹೊಕ್ಕರೆ ಮೂವರೂ ಉಳಿಯುವಂತಿರಲಿಲ್ಲ. ಚಿಕ್ಕಬೋರಯ್ಯ ದೊಣ್ಣೆ ಅಡ್ಡ ಹಿಡಿದ.

“ಎಲ್ಲೀಗಂಟ ಬುಡ್ತೀಯಪ್ಪಾ?” ಎಂದು ಸಾಹೇಬರು ಅವನನ್ನು ಕೇಳಿದರು.

ಅವನು ಇಬ್ಬರ ಮುಖವನ್ನೂ ನೋಡಿದ. “ಆ ಉಣ್ಸೆಮರ. ಅದ್ರಿಂದಾಚ್ಗೆ ಒಂದೆಜ್ಜೆ ಇಕ್ಕಂಗಿಲ್ಲ.”

ಮರದಡಿ ನಿಂತು ಬೀರಮ್ಮ ಗಂಡನನ್ನು ಕೂಗಿದಳು. ಮತ್ತೆ ಕೂಗಿದಳು, ದನಿ ಒಡೆಯಿತು. ಅವಳ ಕಾಲು ಮರದಾಚೆಗೆ ಸರಿಯುವುದನ್ನು ಕಂಡು ಸಾಹೇಬರು ತರಗತಿಯ ಗಂಟಲಿನಲ್ಲಿ “ಮರಿಯಯ್ಯಾ” ಎಂದು ತಾವೇ ಕೂಗು ಹಾಕಿದರು. ಚಪ್ಪರದೊಳಗಿಂದ ಮರಿಯಯ್ಯನ ದನಿ ಕ್ಷೀಣವಾಗಿ ಕೇಳಿತು:

“ಕೂಸು ಆಲ್ ಕುಡೀತದಾ?”

“ಕುಡೀತದೆ ಕಣೋ,” ಎಂದಳು. ಕಾಲು ಅಲ್ಲೇ ನಿಂತಿತು.

ಮರಿಯಯ್ಯ ಉಳಿಯಲಿಲ್ಲ. ಅವನು ತೀರಿಕೊಳ್ಳುವವರೆಗೂ ಸಾಹೇಬರು ದಿನವೂ ಅವಳ ಜೊತೆ ಆ ಮರದ ಬುಡದಲ್ಲಿ ನಿಂತರು. ಆಮೇಲೆ ಆ ಅಧ್ಯಾಯವನ್ನು ಹರಿದು ಹೊಸದಾಗಿ ಬರೆದರು. ಅಚ್ಚಾದ ಪುಸ್ತಕದಲ್ಲಿ ನೌಕೆಯವನು, ತನ್ನೂರು ಕೆಳಗೆ ಸರಿದಾಗಲೆಲ್ಲ ಕಿಟಕಿಗೆ ಮುಖವೊತ್ತಿ ಹೆಂಡತಿಯ ಹೆಸರು ಕೂಗುತ್ತಾನೆ.

ಅದನ್ನು ಬೀರಮ್ಮನಿಗೆ ಓದಿ ಹೇಳಿದಾಗ ಅವಳು ಕೇಳಿದಳು: “ಕೂಗ್ತಾನೆ, ಸರಿ. ಕೆಳೀಕ್ ಕೇಳುಸ್ತದಾ?”

“ಗೊತ್ತಿಲ್ಲ ಕಣಮ್ಮ,” ಎಂದರು ಸಾಹೇಬರು.

ಇನ್ನು ಶಾಲೆಯ ಗಂಟೆ ಅವರನ್ನು ಕರೆಯದು. ಕಣ್ಣಿಗೆ ಬೆಳಕು, ಬೆರಳಿಗೆ ಕಸುವು, ಎದೆಗೆ ನೆಮ್ಮದಿ ಬಹುಕಾಲ ಇರಲಿ. ಆ ಹೆಣ್ಣುಮಗಳು ಕೇಳಿದ ಪ್ರಶ್ನೆಯ ಮುಂದೆ ಅವರು ಇನ್ನೂ ಹಲವು ಸಂಜೆ ಲೇಖನಿ ಹಿಡಿದು ಕೂರುವಂತಾಗಲಿ.