ರಾಜನ ಬೆವರು

ನಿವೃತ್ತನಾದ ಮೇಲೆ ಕರೆಂಟು ಉಳಿಸೋದೇ ನನ್ನ ಹವ್ಯಾಸ. ಶಿಡ್ಲಘಟ್ಟದ ಒಂದು ಪುಟ್ಟ ನಾಟಕಮಂದಿರದಲ್ಲಿ ಬೆಂಕಿ ಕಾರುವ ಹಳೇ ಹ್ಯಾಲೊಜನ್ ದೀಪ ತೆಗೆಸಿ ಎಲ್‌ಇಡಿ ಹಾಕಿಸಿದಾಗ ಎಷ್ಟು ಹಿಗ್ಗಿದೆ ಅಂತೀರಿ! ಪೌರಾಣಿಕ ನಾಟಕದ ತಾಲೀಮಿಗೆ ಬಂದವರೆಲ್ಲ "ಏನು ತಂಪು ಸಾರ್!" ಎಂದರು. ರಾಜನ ಪಾತ್ರದ ಪಿಳ್ಳಪ್ಪನವರು ಮಾತ್ರ ಮುಖ ಊದಿಸಿಕೊಂಡು ಕೂತಿದ್ದರು. ಜಂಗಮಕೋಟೆಯಲ್ಲಿ ರೇಷ್ಮೆ ಹುಳ ಸಾಕುವವರು.

"ಯಾಕ್ರೀ ಪಿಳ್ಳಪ್ಪ, ಸೆಖೆ ಇಲ್ಲ ಅಂತ ಬೇಜಾರಾ?"

"ಹೂಂ ಸಾರ್. ಪ್ರತಿ ವರ್ಷ ನಾಟಕಕ್ಕೆ ದಿಬ್ಬೂರಹಳ್ಳಿಯಿಂದ ನಮ್ಮ ಬಾಮೈದ ಬರ್ತಾನೆ. ಯುದ್ಧದ ಹಾಡು ಮುಗೀತಿದ್ದಂಗೆ ಸ್ಟೇಜ್ ಹತ್ತಿ, ಹೊಸ ಟವಲ್‌ನಲ್ಲಿ ನನ್ನ ಬೆವರು ಒರೆಸ್ತಾನೆ. ಜನ ಶಿಳ್ಳೆ ಹೊಡೀತಾರೆ. ಜಮೀನು ಪಾಲಿನ ವಿಷಯಕ್ಕೆ ವರ್ಷವಿಡೀ ಮಾತಿಲ್ಲ ನಮಗೆ, ಅವತ್ತೊಂದಿನ ಮಾತಾಡ್ತಾನೆ. ಬೆವರೇ ಬರದಿದ್ರೆ ಯಾವ ನೆಪದಲ್ಲಿ ಹತ್ತಾನೆ?"



ನಾಟಕದ ದಿನ ಹಾಡು ಮುಗಿಯಿತು. ರಾಜನ ಮುಖದಲ್ಲಿ ಒಂದು ಹನಿ ಬೆವರಿಲ್ಲ. ಮುಂದಿನ ಸಾಲಿನಲ್ಲಿ ಬಾಮೈದ ಟವಲ್ ಹಿಡಿದು ಎದ್ದವನು, ಹಾಗೇ ಅನುಮಾನಿಸುತ್ತ ನಿಂತ. ನನಗೆ ತಡೆಯಲಾಗಲಿಲ್ಲ, ಪರದೆ ಪಕ್ಕದಿಂದ ನೀರಿನ ಚೊಂಬು ಚಾಚಿದೆ. ಪಿಳ್ಳಪ್ಪನವರು ಜನರಿಗೆ ಬೆನ್ನು ಮಾಡಿ ಮುಖಕ್ಕೆ ನೀರು ಚಿಮುಕಿಸಿಕೊಂಡರು. ತಿರುಗಿ, ಗದೆ ಊರಿ ಏದುಸಿರು ಬಿಟ್ಟರು.

"ಸುಸ್ತಾಯ್ತಾ ಬಾವ?" ಎನ್ನುತ್ತ ಬಾಮೈದ ಓಡಿ ಬಂದು ಒರೆಸಿಯೇಬಿಟ್ಟ. ಶಿಳ್ಳೆಯೋ ಶಿಳ್ಳೆ!

ಎಲ್‌ಇಡಿಯಿಂದ ಎಷ್ಟು ಉಳೀತು ಅಂತ ಈಗಲೂ ಕೇಳುತ್ತಾರೆ. ಬೇಕಾದಷ್ಟು ಉಳೀತು, ಅದರಲ್ಲಿ ಅರ್ಧ ಚೊಂಬು ನೀರು ಮಾತ್ರ ಕಳೀರಿ ಎನ್ನುತ್ತೇನೆ.